ಮರ ಉಬ್ಬಲು ಬಿಟ್ಟ ಜಾಗ

ಕುಮಟೆಯಿಂದ ಭಟ್ಕಳದವರೆಗೆ ದೋಣಿ ಕಟ್ಟುವ ಯಾವ ದಂಡೆಯಲ್ಲಾದರೂ ನಿಂತು ‘ಗುಮಾಸ್ತಾ’ ಎಂದು ಕೂಗಿ ನೋಡಿ. ಯಾವುದೋ ದೋಣಿಯ ಹೊಟ್ಟೆಯಡಿಯಿಂದ ಎಣ್ಣೆ ಮೆತ್ತಿದ ಒಂದು ತಲೆ ಹೊರಗೆ ಬರುತ್ತದೆ. ಕೂದಲಲ್ಲಿ ಹತ್ತಿಯ ಎಳೆ, ಬಾಯಲ್ಲಿ ಎಲೆಯಡಿಕೆಯ ಕವಳ, ಒಂದು ಕೈಯಲ್ಲಿ ಮೊಂಡು ಉಳಿ, ಇನ್ನೊಂದರಲ್ಲಿ ಮರದ ಕೊಡತಿ. ಆತನೇ ಭಟ್ಕಳದ ಹತ್ತಿರದ ಬೆಳಕೆ ಊರಿನ ದೇವಪ್ಪ. ಹಲಗೆ ಹಲಗೆಗಳ ನಡುವಿನ ಸಂದಿಗೆ ಎಣ್ಣೆಹತ್ತಿ ತುಂಬಿ, ದೋಣಿಯೊಳಗೆ ನೀರು ಬಾರದಂತೆ ಮಾಡುವುದು ಆತನ ಕಸುಬು. ಸರಕಾರಿ ಕೆಲಸ ಬಿಟ್ಟು ಬಂದವನನ್ನು ನಮ್ಮ ಕರಾವಳಿ ಅಷ್ಟು ಸುಲಭಕ್ಕೆ ಕ್ಷಮಿಸುವುದಿಲ್ಲ. ಅದಕ್ಕೇ ಆ ಬಿರುದು. ದೇವಪ್ಪನಿಗೆ ಅದರ ಬೇಸರವಿಲ್ಲ. ಕೇಳಿದವರಿಗೆಲ್ಲ ತನ್ನ ಗುಮಾಸ್ತಿಕೆಯ ಕತೆಯನ್ನು ತನ್ನನ್ನೇ ಮೊದಲು ಗೇಲಿ ಮಾಡಿಕೊಂಡು ಹೇಳುತ್ತಾನೆ.

ದೇವಪ್ಪನ ಅಪ್ಪ ಕಡಲಲ್ಲಿ ಮುಳುಗಿ ತೀರಿಹೋದವನಲ್ಲ. ಜ್ವರ ಬಂದು, ಮನೆಯ ಚಾಪೆಯ ಮೇಲೆ, ಗಂಜಿ ಕುಡಿದು ತೀರಿಹೋದವನು. ಆದರೂ ತಾಯಿ ಸೋಮಿ ಮಗನನ್ನು ದೋಣಿಯ ಹತ್ತಿರ ಸುಳಿಯಗೊಡಲಿಲ್ಲ. ಬೆಳಕು ಹರಿಯುವ ಮೊದಲೇ ದಂಡೆಗೆ ಹೋಗಿ ನಿಲ್ಲುವುದು, ದೋಣಿಯಲ್ಲಿ ಮೀನಿದ್ದರೆ ಬುಟ್ಟಿ ಹೊತ್ತು ಭಟ್ಕಳ ಪೇಟೆಗೆ ಓಡುವುದು, ಇಲ್ಲದಿದ್ದರೆ ಬುಟ್ಟಿಯನ್ನು ಬೋರಲು ಹಾಕಿ ಮನೆಗೆ ಬರುವುದು. ಅವಳ ಆಯುಷ್ಯದ ಮುಕ್ಕಾಲು ಪಾಲು ಹೀಗೇ ಕಳೆದಿತ್ತು. “ಕಡಲಿನ ಸಂಬಳಕ್ಕೆ ತಾರೀಕಿಲ್ಲ ತಮಾ. ನೀ ತಾರೀಕು ಇದ್ದಲ್ಲಿ ಹೋಗು,” ಎನ್ನುತ್ತಿದ್ದಳು. ಅವಳ ಹರಕೆ ಎಷ್ಟು ಅಚ್ಚುಕಟ್ಟಾಗಿ ಫಲಿಸಿತೆಂದರೆ, ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ದಾಟಿ, ಟೈಪಿಂಗು ಕಲಿತು, ೧೯೭೫ರಲ್ಲಿ ಹೊನ್ನಾವರದ ಒಂದು ಕಚೇರಿ ಸೇರಿದ ದೇವಪ್ಪನಿಗೆ ಸಿಕ್ಕಿದ್ದು ತಾರೀಕಿನ ಮೊಹರು ಒತ್ತುವ ಕೆಲಸವೇ.

ಬಂದ ಕಾಗದಕ್ಕೆ ಮೊಹರು ಒತ್ತಬೇಕು, ನಂಬರು ಕೊಡಬೇಕು, ದಪ್ಪ ಪುಸ್ತಕದಲ್ಲಿ ಬರೆದುಕೊಂಡು ಮುಂದಿನ ಮೇಜಿಗೆ ದೂಡಬೇಕು. ಕೆಲವು ಕಾಗದಗಳು ಎಲ್ಲ ಮೇಜುಗಳನ್ನೂ ಸುತ್ತಿ, ಮೂರು ತಿಂಗಳ ಮೇಲೆ, ಸಾಲ ತೀರಿಸದ ನೆಂಟರ ಹಾಗೆ ಮೋರೆ ಸಣ್ಣ ಮಾಡಿಕೊಂಡು ಅವನ ಮೇಜಿಗೇ ಬರುತ್ತಿದ್ದವು. ಅವಕ್ಕೆ ಹೊಸ ನಂಬರು. ಮೊದಲ ವರ್ಷ ದೇವಪ್ಪ, ತಾನು ಮೊಹರು ಒತ್ತದಿದ್ದರೆ ಹೊನ್ನಾವರ ತಾಲೂಕು ನಿಂತುಹೋಗುತ್ತದೆ ಎಂದೇ ತಿಳಿದಿದ್ದ. ಎರಡನೇ ವರ್ಷ ಟೈಫಾಯ್ಡ್ ಬಂದು ಇಪ್ಪತ್ತು ದಿನ ಮಲಗಿ ಎದ್ದು ಹೋದಾಗ ತಾಲೂಕು ನಡೆಯುತ್ತಲೇ ಇತ್ತು. ಅವನ ಮೇಜಿನ ಮೇಲೆ ಯಾರೋ ಊಟದ ಡಬ್ಬಿ ಇಡಲು ಶುರು ಮಾಡಿದ್ದರು, ಅಷ್ಟೆ.

ಕೆಲಸ ಸೇರಿದ ಹೊಸತರಲ್ಲಿ ಸೋಮಿ ಒಮ್ಮೆ ಮಗನ ಕುರ್ಚಿ ನೋಡಲು ಬಂದಿದ್ದಳು. ಖಾಲಿ ಬುಟ್ಟಿಯನ್ನು ಹೊರಗೆ ಮಾವಿನ ಮರದ ಬುಡದಲ್ಲಿಟ್ಟು, ಕೈಯನ್ನು ಸೆರಗಿಗೆ ಮೂರು ಸಲ ಒರೆಸಿಕೊಂಡು ಒಳಗೆ ಕಾಲಿಟ್ಟಳು. ಕುರ್ಚಿಯ ಬೆನ್ನನ್ನು ಮುಟ್ಟಿದಳು, ಕಾಲುಗಳು ನಾಲ್ಕೂ ನೆಲ ಮುಟ್ಟಿವೆಯೇ ಎಂದು ಬಗ್ಗಿ ನೋಡಿದಳು. “ಕೂತ್ಕ, ನೋಡ್ತೆ,” ಎಂದಳು. ದೇವಪ್ಪ ಕೂತ. ಹೆಡ್‌ಕ್ಲಾರ್ಕ್ ಶಾನಭಾಗರು ಕನ್ನಡಕದ ಮೇಲಿಂದ ನೋಡುತ್ತಿದ್ದರು. ಅವಳು ದೇವರ ಗುಡಿಯಿಂದ ಹೊರಡುವವರ ಹಾಗೆ ಎರಡು ಹೆಜ್ಜೆ ಹಿಂದಕ್ಕೆ ನಡೆದು ಹೊರಟುಹೋದಳು. ಆಮೇಲೆ ಆ ಕುರ್ಚಿಯಿಂದ ಏಳುವುದೆಂದರೆ ದೇವಪ್ಪನಿಗೆ ತಾಯಿ ಹಿಂದಕ್ಕೆ ಇಟ್ಟ ಆ ಎರಡು ಹೆಜ್ಜೆ ನೆನಪಾಗುತ್ತಿತ್ತು.

ಏಳಬೇಕೆಂದು ಅನ್ನಿಸಿದ್ದಾದರೂ ಯಾಕೆ? ಅವನ ಮಟ್ಟಿಗೆ ಎಲ್ಲ ತಪ್ಪೂ ಕಿಟಕಿಯದು. ಕಚೇರಿಯ ಹಿಂದೆ ಶರಾವತಿಯ ದಂಡೆ. ದಂಡೆಯಲ್ಲಿ ದೋಣಿ ಕಟ್ಟುವ ಜಾಗ. ಕಿಟಕಿಯಿಂದ ದೋಣಿ ಕಾಣುತ್ತಿರಲಿಲ್ಲ, ಮಧ್ಯೆ ಒಂದು ಗೋಡೆಯಿತ್ತು. ಆದರೆ ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ಕೊಡತಿಯ ಸದ್ದು ಕೇಳುತ್ತಿತ್ತು. ಸಂದಿಗೆ ಹತ್ತಿ ಇಟ್ಟು, ಮೊಂಡು ಉಳಿಯಿಂದ ಒತ್ತಿ, ಕೊಡತಿಯಿಂದ ಬಡಿಯುವ ಸದ್ದು. ಮೊದಲು ಬೊದ್ ಬೊದ್ ಎಂದು ಮೆತ್ತಗೆ, ತುಂಬುತ್ತ ಬಂದ ಹಾಗೆ ಟಕ್ ಟಕ್, ಕೊನೆಗೆ ಟಣ್. ಟಣ್ ಎಂದ ಮೇಲೆ ಬಡಿಯುವವನು ಒಂದು ಗೇಣು ಮುಂದಕ್ಕೆ ಸರಿಯುತ್ತಾನೆ. ಮತ್ತೆ ಬೊದ್ ಬೊದ್. ಮೂರು ವರ್ಷ ಬೇರೆ ಕೆಲಸವಿಲ್ಲದೆ ಕೇಳಿ ಕೇಳಿ ದೇವಪ್ಪನಿಗೆ ಅದು ನಾಮಾವಳಿಯ ಹಾಗೆ ಬಾಯಿಪಾಠವಾಯಿತು. ಮೊಹರು ಕೂಡ ಅದೇ ಲಯದಲ್ಲಿ ಬೀಳತೊಡಗಿತು. “ದೇವಪ್ಪಾ, ಅದು ಸರಕಾರದ ಮೊಹರು, ಚಂಡೆಯಲ್ಲ,” ಎಂದು ಶಾನಭಾಗರು ಒಮ್ಮೆ ಹೇಳಬೇಕಾಯಿತು.

೧೯೭೮ರ ಡಿಸೆಂಬರಿನ ಒಂದು ದಿನ ಲಯ ತಪ್ಪಿತು. ಬೊದ್ ಬೊದ್, ಟಕ್ ಟಕ್. ಟಣ್ ಬರಲೇ ಇಲ್ಲ. ಬಡಿಯುವವನು ಹಾಗೇ ಮುಂದೆ ಸರಿದ. ದೇವಪ್ಪನ ಮೊಹರು ಗಾಳಿಯಲ್ಲೇ ನಿಂತಿತು. ಊಟದ ಹೊತ್ತಿನವರೆಗೂ ಅವನಿಗೆ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗಿತ್ತು. ಗಂಟೆ ಒಂದಾಗುತ್ತಲೇ ಡಬ್ಬಿ ಬಿಚ್ಚದೆ ಗೋಡೆ ಸುತ್ತಿ ದಂಡೆಗೆ ಹೋದ.

ದೋಣಿಯ ನೆರಳಲ್ಲಿ ಒಬ್ಬ ಗಿಡ್ಡ ಮುದುಕ ತಲೆಗೂ ಕಿವಿಗೂ ಟವೆಲು ಸುತ್ತಿಕೊಂಡು ಕುಳಿತು ಸೀನುತ್ತಿದ್ದ. ಕಿಟಕಿಯಾಚೆ ಕೇಳುತ್ತಿದ್ದ ಕೊಡತಿಯ ಕುಪ್ಪ ಖಾರ್ವಿ ಎಂದರೆ ಅವನೇ. ಮನೆಯಲ್ಲಿ ಕೊಂಕಣಿ, ಮರದ ಸಾಹುಕಾರರ ಜೊತೆ ಉರ್ದು, ದೋಣಿಯ ಬುಡದಲ್ಲಿ ಕನ್ನಡ, ಸಿಟ್ಟು ಬಂದರೆ ಮೂರೂ. ನಲವತ್ತು ವರ್ಷದಿಂದ ಸಂದಿ ತುಂಬುತ್ತ ಬಂದ ಕೈ.

“ಅಜ್ಜಾ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬಡಿದ ಜಾಗ ಯಾವುದು? ಅಲ್ಲಿ ಎಂತದೋ ಸಮ ಇಲ್ಲ,” ಎಂದ ದೇವಪ್ಪ.

ಕುಪ್ಪ ಇವನ ಇಸ್ತ್ರಿ ಪ್ಯಾಂಟನ್ನು ಪಾದದಿಂದ ಸೊಂಟದವರೆಗೆ ನೋಡಿದ. “ಸಾಯ್ಬ್ರು ಯಾವ ಡಿಪಾರ್ಟ್‌ಮೆಂಟು?”

“ಇಲ್ಲೇ ಹಿಂದಿನ ಆಫೀಸು. ಗುಮಾಸ್ತ.”

“ಹಾಂಗಾದ್ರೆ ಸಮ ಆತು. ನಿಮ್ಗೆ ಎಂತ ಕಂಡ್ರೂ ಸಮ ಇರೂದಿಲ್ಲ. ಅರ್ಜಿ ಕೊಡ್ಬೇಕನಾ ಇದ್ಕೆ?”

“ಕಂಡದ್ದಲ್ಲ ಅಜ್ಜಾ, ಕೇಳಿದ್ದು. ಟಣ್ ಹೇಳ್ಲೇ ಇಲ್ಲ ಅದು.”

ಮುದುಕ ಸೀನುವುದನ್ನು ನಿಲ್ಲಿಸಿದ. ಎದ್ದು ಹೋಗಿ, ಟವೆಲು ಬಿಚ್ಚಿ, ಬೆಳಿಗ್ಗೆ ತುಂಬಿದ ಸಾಲಿನ ಮೇಲೆ ಗೇಣುಗೇಣಿಗೆ ಕೊಡತಿ ಮುಟ್ಟಿಸುತ್ತ ಬಂದ. ಒಂದು ಕಡೆ ನಿಂತ. ಮತ್ತೆ ಬಡಿದ. ಹತ್ತಿ ಕಿತ್ತು ಉಳಿ ತೂರಿಸಿದರೆ ಹಲಗೆಯ ಒಳಮೈಯಲ್ಲಿ ಹುಳ ತಿಂದು ಪೊಳ್ಳಾಗಿತ್ತು. ಉಳಿ ಅರ್ಧ ಒಳಗೆ ಹೋಯಿತು. ನೆಗಡಿಯಿಂದ ಮುಚ್ಚಿದ ಕಿವಿಗೆ ಅದು ತಪ್ಪಿಹೋಗಿತ್ತು.

ಕುಪ್ಪ ಶಹಭಾಸ್ ಎನ್ನಲಿಲ್ಲ. ಉಳಿ ಹೊರಗೆಳೆದು, “ಊಟ ಆತನಾ ತಮಾ?” ಎಂದು ಕೇಳಿದ. ತನ್ನ ಬುತ್ತಿಯಿಂದ ಒಂದು ತುಂಡು ಒಣಮೀನು ತೆಗೆದು ಇವನ ಡಬ್ಬಿಯ ಮುಚ್ಚಳದ ಮೇಲಿಟ್ಟ. ಎರಡು ಪ್ರಮೋಷನ್ ಆಗಿದ್ದರೂ ದೇವಪ್ಪನಿಗೆ ಅಷ್ಟು ಸಂತೋಷವಾಗುತ್ತಿರಲಿಲ್ಲ. ಆಗಿರಲೂ ಇಲ್ಲ ಎಂಬುದು ಬೇರೆ ಮಾತು.

ಅಂದಿನಿಂದ ಊಟದ ಗಂಟೆ ದಂಡೆಯಲ್ಲಿ. ಮೊದಲು ಹತ್ತಿಯನ್ನು ತೊಡೆಯ ಮೇಲೆ ಹೊಸೆದು ಬತ್ತಿ ಮಾಡುವುದು. ಆಮೇಲೆ ಬತ್ತಿಯನ್ನು ಎಣ್ಣೆಯಲ್ಲಿ ನೆನೆಸುವುದು. ಎರಡು ತಿಂಗಳ ಮೇಲೆ ಕೊಡತಿ. ಮೊದಲ ದಿನ ಉಳಿಗೆ ಬಡಿಯುವ ಬದಲು ಹೆಬ್ಬೆಟ್ಟಿಗೆ ಬಡಿದುಕೊಂಡು, ಆ ವಾರ ಹೆಬ್ಬೆಟ್ಟು ಎತ್ತಿ ಹಿಡಿದುಕೊಂಡೇ ಕಾಗದಗಳಿಗೆ ನಂಬರು ಕೊಟ್ಟ. ಕಚೇರಿಯಲ್ಲಿ ಮೀನೆಣ್ಣೆಯ ವಾಸನೆ ಬರುತ್ತದೆಂದು ದೂರು ಬಂತು. ದೂರು ಬರಹದಲ್ಲಿ ಬಂದದ್ದರಿಂದ ಅದಕ್ಕೂ ದೇವಪ್ಪನೇ ಮೊಹರು ಒತ್ತಿ ಮುಂದಿನ ಮೇಜಿಗೆ ದೂಡಿದ. ಎಂದಿನಂತೆ ಅದು ಹೋಗಿ ಎಲ್ಲಿಗೂ ಮುಟ್ಟಲಿಲ್ಲ.

ಮರುವರ್ಷದ ಮಳೆಗಾಲ ಕಳೆಯುವ ಹೊತ್ತಿಗೆ ಕುಪ್ಪನ ಬಲ ಮೊಣಕೈ ಏಳದಾಯಿತು. ಆಗ ದಂಡೆಯ ಮೇಲೆ ಇದ್ದದ್ದು ಬೆಳಕೆಯ ಬೀರಪ್ಪನ ಹೊಸ ದೋಣಿ. ಬೀರಪ್ಪ ದೇವಪ್ಪನ ಊರಿನವನೇ, ಮೂರು ಮನೆ ಆಚೆಯವನು. ತಮ್ಮಂದಿರ ಜೊತೆ ಸೇರಿ ಇದ್ದಬದ್ದದ್ದನ್ನೆಲ್ಲ ಹಾಕಿ ಯಂತ್ರದ ದೋಣಿ ಕಟ್ಟಿಸುತ್ತಿದ್ದ. “ಎಡಬದಿ ನಾ ಹೆಂಗೂ ಮಾಡ್ತೆ. ಬಲಬದಿ ನೀ ಮಾಡ್ತ್ಯಾ?” ಎಂದು ಕುಪ್ಪ ಕೇಳಿದ. ಬಲಬದಿ ಎಂದರೆ ಊಟದ ಗಂಟೆಯಲ್ಲಿ ಮುಗಿಯುವ ಕೆಲಸವಲ್ಲ. ದೇವಪ್ಪ ಒಂದು ತಿಂಗಳ ರಜೆಗೆ ಅರ್ಜಿ ಬರೆದ. ಕಾರಣ: ತಾಯಿಗೆ ವಾತಜ್ವರ, ಹಾಸಿಗೆ ಹಿಡಿದಿದ್ದಾಳೆ. ತನ್ನ ಅರ್ಜಿಗೆ ತಾನೇ ಮೊಹರು ಒತ್ತಿ ನಂಬರು ಕೊಟ್ಟುಕೊಂಡ. ಬೆಳಕೆಯಲ್ಲಿ ತಾಯಿ ಗಟ್ಟಿಮುಟ್ಟಾಗಿ ಬುಟ್ಟಿ ಹೊತ್ತು ಓಡಾಡುತ್ತಿದ್ದಳು. ಮಗ ವಾರವಿಡೀ ಹೊನ್ನಾವರದ ಬಾಡಿಗೆ ಕೋಣೆಯಲ್ಲಿದ್ದು ಕಚೇರಿಗೆ ಹೋಗುತ್ತಾನೆಂದೇ ಅವಳ ತಿಳುವಳಿಕೆ. ದೇವಪ್ಪ ಬೀರಪ್ಪನ ಕೈಹಿಡಿದು ಬೇಡಿಕೊಂಡಿದ್ದ: “ಅಣ್ಣಾ, ಅವ್ವಂಗೆ ಮಾತ್ರ ಹೇಳ್ಬೇಡ.” ರಜೆ ಶನಿವಾರಕ್ಕೆ ಮುಗಿಯುತ್ತಿತ್ತು. ಹುಣ್ಣಿಮೆಯ ದೊಡ್ಡ ಭರತ, ಅಂದರೆ ಕಡಲ ನೀರಿನ ಏರು, ಇದ್ದದ್ದು ಸೋಮವಾರ ಹನ್ನೊಂದಕ್ಕೆ. ಆ ನೀರಲ್ಲೇ ದೋಣಿ ಇಳಿಯಬೇಕು. ತನ್ನ ಬದಿ ಮುಗಿಸಿ, ಸೋಮವಾರ ಹತ್ತಕ್ಕೆ ಕುರ್ಚಿಯ ಮೇಲೆ ಕುಳಿತರೆ ಯಾರಿಗೂ ತಿಳಿಯುವುದಿಲ್ಲ ಎಂಬುದು ಅವನ ಲೆಕ್ಕ.

ದೋಣಿಯನ್ನು ನೀರಿಗೆ ಬಿಡುವ ಮೊದಲು ಕುಪ್ಪ ನೀರನ್ನು ದೋಣಿಗೆ ಬಿಡುತ್ತಿದ್ದ. ದಂಡೆಯ ಮೇಲೇ, ಒಳಗೆ ಮೊಣಕಾಲುದ್ದ ನೀರು ತುಂಬಿಸಿ, ಹೊರಗೆ ಎಲ್ಲೆಲ್ಲಿ ಜಿನುಗುತ್ತದೆ ಎಂದು ನೋಡುವುದು. ಹುಣ್ಣಿಮೆಗೆ ಹತ್ತು ದಿನ ಇರುವಾಗ ನೀರು ತುಂಬಿಸಿದರು. ಬೀರಪ್ಪನೂ ತಮ್ಮಂದಿರೂ ಬಂದಿದ್ದರು. ಕುಪ್ಪನ ಎಡಬದಿಯಲ್ಲಿ ಅಲ್ಲಲ್ಲಿ ಹಲಗೆ ಬೆವರಿತು, ಒಂದೆರಡು ಕಡೆ ಹನಿಯೂ ಬಿತ್ತು. ದೇವಪ್ಪನ ಬಲಬದಿ ಒಣಗಿದ ಶಂಖದ ಹಾಗಿತ್ತು.

“ಕುಪ್ಪಣ್ಣಾ, ಶಿಷ್ಯ ಗುರೂನ ಮೀರಿಸ್ದಾ!” ಎಂದು ಬೀರಪ್ಪ ನಕ್ಕ.

ಕುಪ್ಪ ಬಲಬದಿಗೆ ಹೋಗಿ ಕೊಡತಿಯಿಂದ ಎರಡು ಸಲ ಮುಟ್ಟಿ ನೋಡಿದ. “ನೀರು ಇರ್ಲಿ. ಎರಡು ದಿವ್ಸ ಬಿಡುವಾ,” ಎಂದ. ಆ ಎರಡು ದಿನ ದೇವಪ್ಪ ದಂಡೆಯಲ್ಲಿ ನಡೆದಾಡಿದ ಗತ್ತನ್ನು ನೆನೆದರೆ ಈಗಲೂ ಅವನಿಗೇ ಕಿವಿ ಕೆಂಪಾಗುತ್ತದೆ. ದಾರಿಯಲ್ಲಿ ಹೋಗುವವರನ್ನು ಕರೆದು ಬಲಬದಿ ತೋರಿಸಿದ್ದ. ಒಬ್ಬ ಹಾಲು ಮಾರುವವನಿಗೆ ಸಂದಿ ತುಂಬುವುದರ ಮೇಲೆ ಕಾಲು ಗಂಟೆ ಭಾಷಣ ಕೊಟ್ಟಿದ್ದ.

ಮೂರನೇ ದಿನ ಬೆಳಿಗ್ಗೆ, ಎಲ್ಲರ ಎದುರಿಗೇ, ಬಲಬದಿಯಿಂದ ಬಿದಿರು ಸೀಳಿದಂಥ ಸದ್ದು ಬಂತು. ಮೊಳೆಗಳು ಹಿಡಿತ ಬಿಟ್ಟು, ಕೆಳಗಿನಿಂದ ಮೂರನೇ ಹಲಗೆ ಅಂಗೈ ಅಗಲ ಹೊರಕ್ಕೆ ಚಿಮ್ಮಿತು. ಒಳಗಿನ ನೀರೆಲ್ಲ ಭರ್ ಎಂದು ಬಂದು ದೇವಪ್ಪನ ಕಾಲ ಮೇಲೇ ಸುರಿಯಿತು.

ನೀರು ಇಳಿಯಿತು. ಕುಪ್ಪ ಬಗ್ಗಿ, ಚಿಮ್ಮಿದ ಹಲಗೆಯ ಅಂಚಿನಿಂದ ಕಲ್ಲಿನಂತಾಗಿದ್ದ ಹತ್ತಿಯನ್ನು ಕಿತ್ತು ದೇವಪ್ಪನ ಕೈಯಲ್ಲಿಟ್ಟ.

“ಮರಕ್ಕೂ ಬಾಯಾರ್ಕೆ ಅದೆ ತಮಾ. ನೀರು ಕುಡೀತದೆ, ಕುಡ್ದು ಉಬ್ತದೆ. ಉಬ್ಬೂಕೆ ಒಂಚೂರು ಜಾಗ ಬಿಡ್ಬೇಕು. ಮೊದ್ಲ ದಿನ ನಾಕು ಹನಿ ಬಿದ್ರೆ ಅದು ಸೋರೂದಲ್ಲ, ಮರ ಕುಡಿಯೂದು. ನೀ ಆಫೀಸ್ನವ, ಖಾಲಿ ಕಂಡಲ್ಲೆಲ್ಲ ತುಂಬಿ ಬಿಟ್ಟೆ.”

“ನಿಂಗೆ ಮೊನ್ನೆನೇ ಗೊತ್ತಿತ್ತಾ ಅಜ್ಜಾ?”

“ಕೊಡತಿ ಮುಟ್ಸಿದ ಕೂಡ್ಲೆ ಗೊತ್ತಾತು.”

“ಮತ್ತೆ ಹೇಳ್ಲಿಲ್ಲ?”

“ಹೇಳಿದ್ರೆ ನಿನ್ ಕಿವಿಗೆ ಹೋಗ್ತಿತ್ತು, ಕೈಗೆ ಹೋಗ್ತಿರ್ಲಿಲ್ಲ. ದಂಡೆ ಮೇಲೆ ಒಡದ್ರೆ ಒಂದು ಹಲಗೆ ಹೋಯ್ತದೆ. ಕಡಲಲ್ಲಿ ಒಡದ್ರೆ?” ಆಮೇಲೆ ದನಿ ತಗ್ಗಿಸಿ, “ಹೋಗು, ಬೀರಪ್ಪಂಗೆ ನೀನೇ ಹೇಳು. ಹಲಗೆ ನಂದು, ನಾ ಹಾಕ್ತೆ. ತಪ್ಪು ನಿಂದು, ನೀ ಹೇಳು,” ಎಂದ.

ದೇವಪ್ಪ ಹೇಳಿದ. ಬೀರಪ್ಪ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅವನು ನೇರ ಬಸ್ಸು ಹತ್ತಿ ಬೆಳಕೆಗೆ ಹೋಗಿ ಸೋಮಿಯ ಅಂಗಳದಲ್ಲಿ ಕುಳಿತು ಎಲ್ಲವನ್ನೂ ಹೇಳಿದ.

ಸೋಮಿ ಮರುದಿನ ಹೊನ್ನಾವರಕ್ಕೆ ಬಂದಳು. ಬೀರಪ್ಪ ಹೇಳಿದ್ದನ್ನು ಅವಳು ಪೂರ್ತಿ ನಂಬಿರಲಿಲ್ಲ. ಅದಕ್ಕೇ ಮೊದಲು ಹೋದದ್ದು ಕಚೇರಿಗೆ. ಶಾನಭಾಗರು ಅವಳ ಗುರುತು ಹಿಡಿದು ಎದ್ದು ನಿಂತರು. “ಏನಮ್ಮ, ಹುಷಾರಾದಿರಾ? ಪಾಪ, ತಿಂಗಳಿಂದ ಹಾಸಿಗೆ ಹಿಡಿದಿದ್ದೀರಂತೆ. ವಾತಜ್ವರ ಬಹಳ ಕೆಟ್ಟದ್ದು.”

ಸೋಮಿ ಒಂದು ಗಳಿಗೆ ಅವರ ಮೋರೆ ನೋಡಿದಳು. ನಲವತ್ತು ವರ್ಷ ಪೇಟೆಯಲ್ಲಿ ಮೀನು ಮಾರಿದವಳಿಗೆ ಯಾವ ಮಾತಿನ ಬೆನ್ನಿಗೆ ಏನಿದೆ ಎಂದು ತಿಳಿಯಲು ಹೊತ್ತು ಬೇಕಿಲ್ಲ. “ಈಗ ಅಡ್ಡಿಲ್ಲ ಒಡೆಯಾ,” ಎಂದು ಒಮ್ಮೆ ಕೆಮ್ಮಿ, ಸೊಂಟ ಹಿಡಿದುಕೊಂಡು ಹೊರಗೆ ಬಂದಳು. ಗೋಡೆ ದಾಟುತ್ತಲೇ ಸೊಂಟ ನೆಟ್ಟಗಾಯಿತು.

ದೇವಪ್ಪ ಬಲಬದಿಯ ಹತ್ತಿಯನ್ನೆಲ್ಲ ಕೀಳುತ್ತ ಕುಳಿತಿದ್ದ. ಎದುರಿಗೆ ತಾಯಿಯ ಕಾಲು ಕಾಣಿಸಿತು.

“ಎಂತದಾ ಇದು? ನಾ ಒಂದು ತಿಂಗ್ಳಿಂದ ಹಾಸ್ಗೆ ಹಿಡ್ದಿದ್ನಂತೆ. ನಂಗೇ ಗೊತ್ತಿಲ್ಲ!”

“ಅವ್ವಾ, ಅದು... ಅರ್ಜಿಲಿ ಎಂತಾದ್ರೂ ಕಾರಣ ಬರೀಬೇಕಾತದೆ.”

“ಬರಿಯೂಕೆ ನಿಂಗೆ ನನ್ ಮೈಯೇ ಸಿಕ್ತಾ? ಅದೂ ವಾತ! ಬೆಳಕೆಯಿಂದ ಪೇಟೆಗೆ ಬುಟ್ಟಿ ಹೊತ್ಕಂಡು ಓಡ್ತೆ ನಾನು. ಬರಿಯೂದೇ ಇದ್ರೆ ಒಂದು ಮರ್ಯಾದಿ ಕಾಯ್ಲೆ ಬರೀಬಾರ್ದಾ?”

ಎಡಬದಿಯಲ್ಲಿದ್ದ ಕುಪ್ಪನಿಗೆ ನಗು ತಡೆಯಲಾಗಲಿಲ್ಲ. ಸೋಮಿ ಅವನತ್ತ ತಿರುಗಿದಳು. “ನಗಬೇಡ ಕುಪ್ಪಣ್ಣ. ನನ್ ಮಗನ್ನ ಕುರ್ಚಿಯಿಂದ ಎಬ್ಸಿದವ ನೀನು.”

“ನಾ ಎಬ್ಸಲಿಲ್ಲ ಸೋಮಕ್ಕಾ. ಅವ ಎದ್ದು ಬಂದ, ನಾ ಓಡ್ಸಲಿಲ್ಲ. ಅಷ್ಟೇ ನನ್ ತಪ್ಪು.”

ಅವಳು ಮಗನ ಎದುರಿಗೆ ಮರಳಲ್ಲಿ ಕುಳಿತಳು. ಈಗ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ದೇವಪ್ಪನಿಗೆ ಹೆಚ್ಚು ಹೆದರಿಕೆಯಾಯಿತು. “ಅಲ್ಲಿ ನಿಂಗೆ ಎಂತ ಕಡ್ಮೆಯಾಗಿತ್ತಾ?”

ದೇವಪ್ಪ ಉಳಿ ಕೆಳಗಿಟ್ಟ. “ಕಡ್ಮೆ ಎಂತದೂ ಇಲ್ಲ ಅವ್ವಾ. ಸಂಜೆ ಎದ್ದು ಬರೂಕಾರೆ ನಾ ಇವತ್ತು ಎಂತ ಮಾಡ್ದೆ ಹೇಳಿ ನಂಗೇ ತಿಳಿಯೂದಿಲ್ಲ. ಇಲ್ಲಿ ಮಾಡಿದ್ದು ಕಾಣ್ತದೆ. ಒಡದದ್ದಾದ್ರೂ ಕಾಣ್ತದೆ.”

ಸೋಮಿ ಅವನ ಕೈಯನ್ನು ಎಳೆದು ಅಂಗೈ ತಿರುಗಿಸಿ ನೋಡಿದಳು. ಗುಳ್ಳೆ ಎದ್ದು, ಒಡೆದು, ಮತ್ತೆ ಎದ್ದಿತ್ತು. ಆಮೇಲೆ, ಮೀನಿನ ಕಿವಿರು ಎತ್ತಿ ನೋಡಿ ವ್ಯಾಪಾರಕ್ಕೆ ಇಳಿಯುವವಳ ಗಟ್ಟಿ ದನಿಯಲ್ಲಿ ಕೇಳಿದಳು: “ಕುಪ್ಪಣ್ಣಾ, ಸುಳ್ಳು ಹೇಳ್ಬೇಡ. ಇವಂಗೆ ಈ ಕೆಲ್ಸ ಬತ್ತದಾ, ಇಲ್ಯಾ?”

“ಬತ್ತದೆ. ಕೈಗೆ ಪೂರಾ ಬರೂಕೆ ಇನ್ನೆರಡು ಮಳೆಗಾಲ ಬೇಕು. ಕಿವಿ ಮಾತ್ರ ನಾ ಕೊಟ್ಟದ್ದಲ್ಲ, ತಕಂಡೇ ಬಂದಾನೆ.”

ಅಷ್ಟರಲ್ಲಿ ಬೀರಪ್ಪನೂ ಅಲ್ಲಿಗೆ ಬಂದಿದ್ದ. “ಸೋಮಕ್ಕಾ, ನಾಕು ಮನೆ ಗಂಡಸ್ರು ಹೋಗೂ ದೋಣಿ ಇದು. ಇವಂಗೆ ಕಲಿಯೂಕೆ ನನ್ ದೋಣಿನೇ ಬೇಕಾ? ಬಲಬದಿ ಬೇರೆ ಯಾರಾದ್ರೂ ತುಂಬ್ಲಿ.”

ಆಗ ಕುಪ್ಪ ಕೊಡತಿ ಕೆಳಗಿಟ್ಟು ಒಂದು ಮಾತು ಹೇಳಿದ. ಅವನ ಗುರುವಿನ ಕಾಲದಿಂದ ನಡೆದು ಬಂದ ರೂಢಿಯಂತೆ ಅದು: ಸಂದಿ ತುಂಬಿದವನು ಮೊದಲ ಸಲ ದೋಣಿಯಲ್ಲಿ ತಾನೇ ಕುಳಿತು ಹೋಗಬೇಕು, ತಾನು ತುಂಬಿದ ಬದಿಯಲ್ಲೇ. ಕುಪ್ಪ ನಲವತ್ತು ವರ್ಷ ಹಾಗೇ ಹೋಗಿದ್ದ. “ದೇವಪ್ಪ ತುಂಬ್ಲಿ. ಸೋಮಾರ ಇಲ್ಲಿಂದ ಬೆಳಕೆವರೆಗೆ ಕಡಲ ಮೇಲೆ ಅವ್ನೂ ಬರ್ಲಿ. ನಾನೂ ಬತ್ತೆ. ಹಾಂಗಾದ್ರೆ ಒಪ್ತ್ಯಾ ಬೀರಪ್ಪಾ?”

“ನಾ ಒಪ್ತೆ,” ಎಂದ ಬೀರಪ್ಪ. “ಸೋಮಕ್ಕ ಒಪ್ತದಾ?”

ಎಲ್ಲರೂ ಸೋಮಿಯನ್ನು ನೋಡಿದರು. ಇಪ್ಪತ್ತೈದು ವರ್ಷ ಮಗನ ಕಾಲಿಗೆ ಕಡಲಿನ ನೊರೆ ತಾಗದಂತೆ ಕಾದವಳು. ಸೋಮವಾರ ಹತ್ತಕ್ಕೆ ಕಚೇರಿಯ ಹಾಜರಿ ಪುಸ್ತಕ ತೆರೆಯುತ್ತದೆ, ಹನ್ನೊಂದಕ್ಕೆ ದೋಣಿ ನೀರಿಗಿಳಿಯುತ್ತದೆ; ಎರಡೂ ಕಡೆ ಇರಲು ಬರುವುದಿಲ್ಲ ಎಂದು ಅವಳಿಗೂ ತಿಳಿದಿತ್ತು. ದೇವಪ್ಪ ಹತ್ತಿಯ ಎಳೆ ಬಿಡಿಸುತ್ತ ತಲೆ ತಗ್ಗಿಸಿದ. ಅವಳು ಬೇಡ ಎಂದಿದ್ದರೆ ಎದ್ದು ಕಚೇರಿಗೆ ಹೋಗುತ್ತಿದ್ದ. ಅದನ್ನು ಅವನು ಇಂದಿಗೂ ಮುಚ್ಚಿಡುವುದಿಲ್ಲ.

ಸೋಮಿ ಎದ್ದು ಸೀರೆಯ ಮರಳು ಕೊಡವಿದಳು. “ಸೋಮಾರ ನಾ ದಂಡೆಲಿ ನಿಂತಿರ್ತೆ. ದೋಣಿ ತಕಂಡು ಬಾ,” ಎಂದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತು, “ಹೊಟ್ಟೆಗೆ ಎಂತಾದ್ರೂ ತಿಂದ್ಕಂಡು ಹತ್ತು,” ಎಂದು ಸೇರಿಸಿದಳು.

ಆ ಐದು ದಿನ ದೇವಪ್ಪ ಬಡಿದ ಹಾಗೆ ಮುಂದೆ ಎಂದೂ ಬಡಿದಿಲ್ಲ. ಮೊದಲಿನ ಪೊಗರು ಇರಲಿಲ್ಲ. ಟಣ್ ಎಂದ ಕೂಡಲೇ, ಇನ್ನೊಂದು ಪೆಟ್ಟು ಬೀಳುವ ಮುಂಚೆ, ಕೈ ತಾನಾಗಿ ನಿಲ್ಲುವುದನ್ನು ಕಲಿಯಿತು. ಕುಪ್ಪ ಹಿಂದೆ ಕುಳಿತು, ಕಣ್ಣು ಮುಚ್ಚಿ, ಕವಳ ಜಗಿಯುತ್ತ ಕೇಳುತ್ತಿದ್ದ. “ಇನ್ನೊಂದು,” “ಸಾಕು,” “ಸಾಕು ಅಂದೆ ಅಲ್ದಾ, ಅದ್ರ ತಲೆ ಒಡೀತ್ಯಾ?” ಇಷ್ಟೇ ಪಾಠ. ಮತ್ತೆ ನೀರು ತುಂಬಿಸಿದಾಗ ಬಲಬದಿಯೂ ಎಡಬದಿಯ ಹಾಗೇ ಬೆವರಿತು, ಹನಿ ಬಿತ್ತು, ಮರುದಿನ ತಾನಾಗಿ ಒಣಗಿತು. ಹನಿ ಬಿದ್ದುದಕ್ಕೆ ಸಂತೋಷಪಟ್ಟವನು ದಂಡೆಯಲ್ಲಿ ತಾನೊಬ್ಬನೇ ಇರಬೇಕು ಎಂದು ದೇವಪ್ಪ ಹೇಳುತ್ತಾನೆ.

ಸೋಮವಾರ ಭರತದ ನೀರಿನಲ್ಲಿ ದೋಣಿ ಇಳಿಯಿತು. ಅಳಿವೆಯಲ್ಲಿ, ಹೊಳೆಯೂ ಕಡಲೂ ಹಣೆಗೆ ಹಣೆ ಕೊಟ್ಟು ಗುದ್ದಾಡುವ ಕಡೆ, ದೋಣಿ ಒಮ್ಮೆ ಮೂಗು ಎತ್ತಿ ಬಿತ್ತು. ಬಲಬದಿಯಲ್ಲಿ ಬೆನ್ನು ಒತ್ತಿ ಕುಳಿತಿದ್ದ ದೇವಪ್ಪನಿಗೆ ಹಲಗೆಯ ಆಚೆ ನೀರು ಉಜ್ಜಿಕೊಂಡು ಹೋಗುವುದು ಬೆನ್ನಿಗೇ ಕೇಳಿಸಿತು. ಅಡಿ ಹಲಗೆ ಎತ್ತಿ ಕೈಹಾಕಿದ: ತಂಪು, ಒಂದಿಷ್ಟು ಪಸೆ, ಅಷ್ಟೆ. ಜೀವಮಾನದಲ್ಲೇ ಎಲ್ಲಕ್ಕಿಂತ ಹೆಚ್ಚು ಗರ್ವ ಪಡಬೇಕಾದ ಆ ಗಳಿಗೆಯಲ್ಲಿ ಮೀನುಗಾರರ ಕುಲದ ಕುಡಿ ದೇವಪ್ಪ, ತಾಯಿಯ ಮಾತಿನಂತೆ ತಿಂದು ಹತ್ತಿದ್ದ ದೋಸೆಯನ್ನೆಲ್ಲ ಅರಬ್ಬೀ ಸಮುದ್ರಕ್ಕೆ ಒಪ್ಪಿಸಿದ. ಆಮೇಲೆ ಬೆಳಕೆಯವರೆಗೂ ಒಪ್ಪಿಸುತ್ತಲೇ ಹೋದ. ಕುಪ್ಪ ಅವನ ಹಣೆ ಹಿಡಿದುಕೊಂಡು ಕುಳಿತಿದ್ದ. ನೋಯುವ ಕೈಯಲ್ಲೇ.

ಬೆಳಕೆಯ ದಂಡೆಯಲ್ಲಿ ಸೋಮಿ ಬೆಳಗಿನಿಂದ ನಿಂತಿದ್ದಳು ಎಂದು ಆಮೇಲೆ ಬೇರೆಯವರು ಹೇಳಿದರು. ಇಬ್ಬರ ಹೆಗಲ ಮೇಲೆ ಕೈಹಾಕಿ ಇಳಿದ ಮಗನನ್ನು ನೋಡಿ ಅವಳ ಬಣ್ಣ ಹೋಯಿತು.

“ಹೆದರ್ಬೇಡ ಸೋಮಕ್ಕಾ,” ಎಂದು ಬೀರಪ್ಪ ಕೂಗಿದ. “ದೋಣಿ ಒಂದು ಹನಿ ಸೋರ್ಲಿಲ್ಲ. ಸೋರಿದ್ದೆಲ್ಲ ನಿನ್ ಮಗನೇ!”

ದಂಡೆಯೆಲ್ಲ ನಕ್ಕಿತು. ಸೋಮಿಯೂ ನಕ್ಕಳು. ದೇವಪ್ಪ ಕಂಡ ಹಾಗೆ ಅವಳು ದಂಡೆಯ ಮೇಲೆ ನಕ್ಕದ್ದು ಅದೇ ಮೊದಲು.

ಮುಂದೆ ಅವನು ರಾಜೀನಾಮೆ ಕೊಟ್ಟಾಗ ಶಾನಭಾಗರು ಅದನ್ನು ಮುಂದಿನ ಮೇಜಿಗೆ ದೂಡದೆ ಒಂದು ತಿಂಗಳು ತಮ್ಮ ಡ್ರಾಯರಿನಲ್ಲೇ ಇಟ್ಟುಕೊಂಡಿದ್ದರು, ಹುಡುಗ ಮನಸ್ಸು ಬದಲಾಯಿಸಿಯಾನು ಎಂದು. ಆ ಕಚೇರಿಯಲ್ಲಿ ಒಂದು ಕಾಗದ ಪ್ರೀತಿಯಿಂದ ತಡವಾದದ್ದನ್ನು ದೇವಪ್ಪ ಕಂಡದ್ದು ಅದೊಂದೇ. ಕುಪ್ಪ ಹೇಳಿದ ಎರಡು ಮಳೆಗಾಲ ನಾಲ್ಕಾದವು. ತದಡಿ, ಕಾಸರಕೋಡು, ಭಟ್ಕಳದ ಬಂದರು ಎಂದು ಕೊಡತಿ ಹೊತ್ತು ತಿರುಗುವಾಗ, ಕೆಲಸ ಇಲ್ಲದ ಜೂನ್-ಜುಲೈನಲ್ಲಿ ಕೈ ಬಿಗಿಯಾದಾಗ, ದೇವಪ್ಪ ಯಾರನ್ನೂ ದೂರುವುದಿಲ್ಲ. ಕಿವಿ ಕೊಟ್ಟ ಕಿಟಕಿಯನ್ನೂ, ಹಲಗೆ ಒಡೆಯಲು ಬಿಟ್ಟ ಮುದುಕನನ್ನೂ ನೆನೆಯುತ್ತಾನೆ. ಪ್ರತಿ ಹೊಸ ದೋಣಿಯ ಮೊದಲ ಪಯಣಕ್ಕೆ ಹತ್ತುತ್ತಾನೆ, ಪ್ರತಿ ಸಲವೂ ವಾಂತಿ ಮಾಡುತ್ತಾನೆ. ಅದಕ್ಕೆ ಮಾತ್ರ ಯಾವ ಗುರುವೂ ಸಿಕ್ಕಿಲ್ಲ.

ಆದರೆ ಅವನು ಕತೆಯನ್ನು ಅಲ್ಲಿಗೆ ತಂದು ನಿಲ್ಲಿಸುವುದಿಲ್ಲ. ನಿಲ್ಲಿಸುವುದು ಆ ಸೋಮವಾರದ ಮರುದಿನ ಬೆಳಿಗ್ಗೆ. ರಾತ್ರಿಯಿಡೀ ಚಾಪೆಯೇ ದೋಣಿಯ ಹಾಗೆ ಅಲ್ಲಾಡಿ, ಬೆಳಗಿನ ಜಾವಕ್ಕೆ ಕಣ್ಣು ಹತ್ತಿತ್ತು. ಕಾಯಂ ಕೆಲಸಕ್ಕೆ ಕಲ್ಲು ಹಾಕಿಕೊಂಡೆನಲ್ಲ, ತಾಯಿ ಬಾಯಲ್ಲಿ ಹೂಂ ಎಂದಳು, ಮನಸ್ಸಲ್ಲಿ ಏನಿದೆಯೋ ಎಂದು ಯೋಚಿಸುತ್ತಲೇ ಮಲಗಿದ್ದ. ಸೋಮಿ ಬಂದು ಕಾಲು ಅಲ್ಲಾಡಿಸಿ ಎಬ್ಬಿಸಿದಳು.

“ಏಳಾ, ಬಸ್ಸಿಗೆ ಹೊತ್ತಾತು. ಕುಪ್ಪಣ್ಣ ಕಾಯ್ತಿರ್ತದೆ.”

ಅವನು ಎದ್ದು ಗೂಟದ ಮೇಲಿದ್ದ ಒಳ್ಳೆಯ ಅಂಗಿಗೆ ಕೈಹಾಕಿದ. ಅವಳು ಅದನ್ನು ಅವನ ಕೈಯಿಂದ ತೆಗೆದುಕೊಂಡು ಪೆಟ್ಟಿಗೆಯಲ್ಲಿಟ್ಟಳು. ತೋಳು ಕತ್ತರಿಸಿ, ಅಂಚು ಹೊಲಿದು ಇಟ್ಟಿದ್ದ ಒಂದು ಹಳೆಯ ಅಂಗಿಯನ್ನು ಅವನತ್ತ ಎಸೆದಳು.

“ಇದ್ನ ಹಾಕ್ಕ,” ಎಂದಳು. “ಎಣ್ಣೆ ಹತ್ತಿದ್ರೂ ಅಡ್ಡಿಲ್ಲ.”